ಗುಡಾರಕ್ಕೊಂದು ಜಗಲಿ

ನಮ್ಮ ಕಡೆ ಅಂಗಡಿಯಿಂದ ತಂದ ಯಾವ ವಸ್ತುವೂ ತಂದ ಹಾಗೆಯೇ ಉಳಿಯುವುದಿಲ್ಲ. ಹೊಸ ಸ್ಕೂಟರು ಮನೆಗೆ ಬಂದ ವಾರದೊಳಗೆ ಹಾಲಿನ ಕ್ಯಾನು ತೂಗುವುದಕ್ಕೆ ಅದರ ಮುಂದೊಂದು ಕೊಕ್ಕೆ ಬೆಸುಗೆಯಾಗಿರುತ್ತದೆ. ಕೈಗಾಡಿಗೆ ಗೊಬ್ಬರ ಚೆಲ್ಲದ ಹಾಗೆ ಹಲಗೆ ಏರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಹೆಗಲಪಟ್ಟಿಗೆ ಹಳೆ ಸೀರೆಯ ಮೆತ್ತೆ ಬರುತ್ತದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೋಮಲೆ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ನಿಗೆ ಚಕ್ರವನ್ನೂ ಸೀಟನ್ನೂ ಜೋಡಿಸಿ ಅಡಕೆ ಮರ ಹತ್ತುವ ಬೈಕನ್ನೇ ಮಾಡಿದರು. 2019ರಲ್ಲಿ ಅದರ ವಿಡಿಯೊ ದೇಶವಿಡೀ ಓಡಾಡಿದಾಗ ಹೊರಗಿನವರಿಗೆ ಆಶ್ಚರ್ಯವಾಯಿತು. ನಮಗಾದದ್ದು ಆಶ್ಚರ್ಯವಲ್ಲ, ಸಣ್ಣದೊಂದು ಹೊಟ್ಟೆಕಿಚ್ಚು: ಛೆ, ಇದು ನನಗೆ ಯಾಕೆ ಹೊಳೆಯಲಿಲ್ಲ! ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು ಇಂಥ ಕೈಚಳಕಗಳನ್ನು ಬರೆಸುತ್ತ ಬಂದಿದೆ. ಬರೆಯದೆ ಉಳಿದವು ಪ್ರತಿ ಮನೆಯ ಹಿತ್ತಿಲಲ್ಲೂ ಇನ್ನೂ ಬೇಕಾದಷ್ಟಿವೆ.

ಇಂಥ ಸೀಮೆಗೆ ಒಂದು ಕ್ಯಾಂಪಿಂಗ್ ಟೆಂಟ್ ಬಂದರೆ ಅದನ್ನು ಯಾರು ಸುಮ್ಮನೆ ಬಿಟ್ಟಾರು?

ನನ್ನದು ಎಲ್ಲರಲ್ಲೂ ಇರುವಂಥ ಗುಮ್ಮಟದ ಆಕಾರದ ಗುಡಾರ. ಅಡ್ಡಡ್ಡ ಬಾಗುವ ಎರಡು ಫೈಬರ್ ಕಡ್ಡಿ, ಒಳಗೆ ಬಲೆಬಟ್ಟೆಯ ಕೋಣೆ, ಹೊರಗೆ ಮಳೆಹೊದಿಕೆ, ಒಂದು ಹಿಡಿ ಗೂಟ, ನಾಲ್ಕು ಸಪೂರ ಹಗ್ಗ. ಮನೆ ಬೆಳ್ತಂಗಡಿ ಕಡೆಯ ಅಡಕೆ ತೋಟದ ನಡುವೆ, ನೌಕರಿ ಬಿ.ಸಿ. ರೋಡಿನಲ್ಲಿ, ಹೆಂಡತಿಯ ತವರು ಮೂಡುಬಿದಿರೆಯಲ್ಲಿ. ಗುಡಾರವೂ ಈ ಮೂರು ಊರುಗಳ ನಡುವೆ ಓಡಾಡುತ್ತ ಅಲ್ಲೊಂದು ಇಲ್ಲೊಂದು ಅಂಗ ಬೆಳೆಸಿಕೊಂಡಿದೆ. ಅದರೊಳಗೆ ಮಲಗಿದ್ದಕ್ಕಿಂತ ಹೆಚ್ಚು ಹೊತ್ತನ್ನು ಅದರ ಪಕ್ಕ ಕೂತು ಏನನ್ನೋ ಕಟ್ಟುತ್ತ, ಕೊರೆಯುತ್ತ, ಕಟ್ಟಿದ್ದನ್ನು ಬಿಚ್ಚುತ್ತ ಕಳೆದಿದ್ದೇನೆ. ಸುಖ ಇರುವುದೂ ಅಲ್ಲೇ ಎಂದು ನನಗೆ ಬಲವಾದ ಗುಮಾನಿ.

ಚೀಲದ ಮೇಲೆ ಒಂದು ಪಟ್ಟಿ ಅಂಟಿಸಿತ್ತು: 2000 ಎಂ.ಎಂ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಂತರೆ ಒಳಕ್ಕೆ ಜಿನುಗಲು ಶುರುವಾಗುತ್ತದೆ ಎನ್ನುವುದರ ಅಳತೆ ಅದು. ಸೋದರಮಾವ ಕನ್ನಡಕ ಏರಿಸಿ ಓದಿದರು. ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟುಕೊಂಡು ಬೆಳಗಿನ ಎಂಟೂವರೆಗೆ ಸರಿಯಾಗಿ ಡೈರಿಯಲ್ಲಿ ಲೆಕ್ಕ ಬರೆಯುವವರು ಅವರು.

“ಎರಡು ಸಾವಿರವಾ? ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರದ ಹತ್ತತ್ರ ಬರ್ತದೆ ಮಾರಾಯ. ಇದು ಆಟಿ ಅಮಾಸೆಗೆ ಮುಗೀತದೆ.”

ಅಳತೆಯೇ ಬೇರೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಆಮೇಲೆ ಯೋಚಿಸಿದರೆ, ಮಾವನ ಲೆಕ್ಕ ಅಡ್ಡದಾರಿ ಹಿಡಿದರೂ ತಲುಪಿದ ಊರು ಸರಿಯಾಗಿತ್ತು. ಪಟ್ಟಿ ಹೇಳುವುದು ಮೇಲಿನಿಂದ ಬೀಳುವ ನೀರಿನ ಮಾತು. ನಮ್ಮ ಮಳೆ ಮೇಲಿನಿಂದ ಬೀಳುವುದು ಅದರ ಕೆಲಸದ ಒಂದು ಪಾಲು ಮಾತ್ರ. ಅದು ಗಾಳಿಯ ಜೊತೆ ಅಡ್ಡಕ್ಕೆ ಎರಚುತ್ತದೆ, ನೆಲದಿಂದ ಸಿಡಿದು ಮೇಲಕ್ಕೆ ಹಾರುತ್ತದೆ, ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹಾಸಿಗೆಯಡಿಯಿಂದಲೇ ಏಳುತ್ತದೆ. ಇಷ್ಟೆಲ್ಲ ಪಟ್ಟಿಯಲ್ಲಿ ಬರೆಯಲು ಜಾಗ ಎಲ್ಲಿ?

ಗೂಟದಿಂದ ಶುರುಮಾಡುತ್ತೇನೆ, ಯಾಕೆಂದರೆ ತಕರಾರು ಶುರುವಾದದ್ದೂ ಅಲ್ಲಿಂದಲೇ. ಚೀಲದ ಜೊತೆ ಬಂದ ಅಲ್ಯುಮಿನಿಯಂ ಕಡ್ಡಿಗಳು ಎಲ್ಲಿಯದೋ ಹುಲ್ಲುಗಾವಲಿನ ಮೆತ್ತನೆ ಮಣ್ಣನ್ನು ನೆನೆದು ಮಾಡಿದವು. ಮೂಡುಬಿದಿರೆಯ ಪದವಿನಲ್ಲಿ ಅವು ಬಡಿದ ಕೂಡಲೇ ನಮಸ್ಕಾರ ಹಾಕುತ್ತವೆ. ಕೆಳಗಿರುವುದು ಮುರಕಲ್ಲು. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮಿದು, ಮೇಲೆ ಬಂದು ಗಾಳಿ ಬಿಸಿಲು ಕುಡಿದರೆ ಮನೆ ಕಟ್ಟುವಷ್ಟು ಗಟ್ಟಿ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಅದನ್ನು ಗುರುತಿಸಿದ್ದು ಮಲಬಾರಿನಲ್ಲಿ. ಆದರೆ 1801ರಲ್ಲಿ ಕಂಪನಿ ಸರಕಾರದ ಕೆಲಸದ ಮೇಲೆ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನೂ ಹಾದುಹೋಗಿದ್ದಾನೆ. ಅವನ ಪರಿವಾರದಲ್ಲಿ ಗೂಟ ಬಡಿಯುವವನೊಬ್ಬ ಇದ್ದಿರಲೇಬೇಕು. ಪದವಿನ ಮೇಲೆ ನಿಂತು ಬಾಗಿದ ಗೂಟವನ್ನು ಮತ್ತೆ ನೆಟ್ಟಗೆ ಮಾಡುವಾಗ ನನಗೆ ನೆನಪಾಗುವುದು ಬುಕಾನನ್ ಅಲ್ಲ, ಅವನು. ಹೆಸರಿಡುವವನಿಗಿಂತ ಬಡಿಯುವವನಿಗೆ ಆ ಕಲ್ಲಿನ ಗುಣ ಚೆನ್ನಾಗಿ ಗೊತ್ತಿದ್ದೀತು.

ಬಿ.ಸಿ. ರೋಡಿನ ವೆಲ್ಡಿಂಗ್ ಅಂಗಡಿಯಲ್ಲಿ ಸ್ಲ್ಯಾಬಿಗೆ ಹಾಕುವ 8 ಎಂ.ಎಂ. ಸರಳಿನ ತುಂಡುಗಳು ನೆಲದಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಗೇಣುದ್ದದ್ದನ್ನು ಆರಿಸಿ, ಒಂದು ತುದಿಯನ್ನು ಗ್ರೈಂಡರಿನಲ್ಲಿ ಚೂಪು ಮಾಡಿಸಿ, ಇನ್ನೊಂದನ್ನು ಕೊಕ್ಕೆಯಾಗಿ ಬಗ್ಗಿಸಿಕೊಂಡೆ. ಅಂಗಡಿಯವರು ಹಣ ತೆಗೆದುಕೊಳ್ಳಲಿಲ್ಲ, ಏನಕ್ಕೆಂದು ಕೇಳಿದರು. ಹೇಳಿದೆ. “ಮನೆ ಉಂಟಲ್ವಾ ನಿಮಗೆ?” ಎಂದರು, ನಿಜವಾದ ಕಾಳಜಿಯಿಂದ. ಈ ಸರಳು ಮುರಕಲ್ಲಿನ ತೂತುಗಳಲ್ಲಿ ದಾರಿ ಮಾಡಿಕೊಂಡು ಇಳಿಯುತ್ತದೆ. ಗೂಟದ ತಲೆ ಗುಡಾರದಿಂದ ಆಚೆಗೆ ವಾಲಿರಬೇಕು, ಹಗ್ಗ ಗೂಟದ ಬುಡದಲ್ಲೇ ನಿಲ್ಲಬೇಕು. ಉಳಿದದ್ದು ತೋಳಿನ ಕೆಲಸ. ಸರಳೂ ಇಳಿಯದ ಕಡೆ ಹಗ್ಗದ ತುದಿಗೆ ಒಂದು ಮೊಳದ ಕೋಲು ಕಟ್ಟಿ ಅಡ್ಡ ಮಲಗಿಸಿ, ಮೇಲೆ ಎರಡು ಕಲ್ಲು ಹೇರಿದರೆ ಮುಗಿಯಿತು.

ಬಂಟ್ವಾಳಕ್ಕೆ ಬಂದರೆ ಕಥೆ ತಲೆಕೆಳಗು. ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ ದಂಡೆಯ ಮರಳು ತೆರೆದುಕೊಂಡಾಗ ಗೂಟ ಬೆಣ್ಣೆಯಲ್ಲಿ ಚೂರಿ ಇಳಿದ ಹಾಗೆ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಎದ್ದೂ ಬರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ತೆಂಗಿನ ಮಡಲಿನ ಕೊತ್ತಳಿಗೆ. ಮೊಣಕೈ ಆಳದ ಗುಂಡಿ ತೋಡಿ, ನಡುವಿಗೆ ಹಗ್ಗ ಕಟ್ಟಿದ ಕೊತ್ತಳಿಗೆಯನ್ನು ಅಡ್ಡಕ್ಕೆ ಹೂತು, ಮರಳು ಮುಚ್ಚಿ ತುಳಿಯಬೇಕು. ಹಗ್ಗ ಎಳೆದಷ್ಟೂ ಅದರ ಮೇಲಿನ ಮರಳಿನ ಭಾರವೆಲ್ಲ ಹಿಡಿದು ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ ಹೂತರೂ ಆದೀತು. ಬೆಳಿಗ್ಗೆ ಅದನ್ನು ಅಗೆದು ತೆಗೆದು ಮನೆಗೆ ತರಲು ಸೋಮಾರಿತನವಾಗುತ್ತದೆ. ಕೊತ್ತಳಿಗೆಯನ್ನು ಅಲ್ಲೇ ಬಿಟ್ಟು ಬಂದರೂ ಹೊಳೆ ಬೇಸರಿಸುವುದಿಲ್ಲ.

ನನ್ನ ಅತಿ ಹೆಮ್ಮೆಯ ಕೆಲಸ ಇದ್ಯಾವುದೂ ಅಲ್ಲ, ಗೆರಟೆಯ ಬಿಲ್ಲೆ. ಹಗ್ಗವನ್ನು ಬಿಗಿ ಸಡಿಲ ಮಾಡಲು ಗುಡಾರದ ಜೊತೆ ಬಂದಿದ್ದ ಪ್ಲಾಸ್ಟಿಕ್ ತುಂಡುಗಳು ಒಂದೊಂದಾಗಿ ಬಿರುಕುಬಿಟ್ಟವು. ಚೆನ್ನಾಗಿ ಬಲಿತ ತೆಂಗಿನಕಾಯಿಯ ಗೆರಟೆಯನ್ನು ಎರಡು ಬೆರಳು ಅಗಲ, ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ನಾರು ಹೆರೆದು, ಮರಳು ಕಾಗದದಲ್ಲಿ ತಿಕ್ಕಿ, ಎರಡು ತುದಿಗೆ ಒಂದೊಂದು ತೂತು ಕೊರೆದೆ. ಹಗ್ಗ ಒಂದು ತೂತಿನಿಂದ ಹೊರಟು ಗೂಟವನ್ನು ಸುತ್ತಿ ಬಂದು ಇನ್ನೊಂದು ತೂತಿನಲ್ಲಿ ಗಂಟಾಗಿ ನಿಲ್ಲುತ್ತದೆ. ಬಿಲ್ಲೆಯನ್ನು ನೆಟ್ಟಗೆ ಹಿಡಿದರೆ ಸರಾಗ ಜಾರುತ್ತದೆ, ಬಿಟ್ಟರೆ ಓರೆಯಾಗಿ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ಗೆರಟೆಯ ಆ ಸಣ್ಣ ಬಾಗು ಕಚ್ಚುವುದಕ್ಕೆ ಇನ್ನಷ್ಟು ಅನುಕೂಲ. ಮೊದಲ ಬಿಲ್ಲೆ ಮಾಡಲು ಒಂದು ಮಧ್ಯಾಹ್ನವಿಡೀ ಬೇಕಾಯಿತು. ಒಂದೇ ಗಂಟೆಯಲ್ಲಿ ಮುಗಿಸಬಹುದಿತ್ತು, ಮುಗಿಸಲು ಮನಸ್ಸಾಗಲಿಲ್ಲ. ತಿಕ್ಕಿದ ಹಾಗೆಲ್ಲ ಗೆರಟೆಯೊಳಗಿನ ಕಂದುಬಣ್ಣ ಎಚ್ಚರವಾಗುತ್ತದೆ. ಕೊನೆಗೊಂದು ತೊಟ್ಟು ತೆಂಗಿನೆಣ್ಣೆ ಹಚ್ಚಿ ಬೆಳಕಿಗೆ ಹಿಡಿದರೆ, ಇದನ್ನು ಗೂಟಕ್ಕೆ ಕಟ್ಟುವುದು ಅನ್ಯಾಯ ಎನ್ನಿಸುವಷ್ಟು ಚೆಂದ.

ಹಗ್ಗದ ನಡುವೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸೇರಿಸಿದ್ದೇನೆ. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲವಾಗುತ್ತದೆ, ಗುಡಾರದ ಬಟ್ಟೆ ಜೋಲುತ್ತದೆ, ಜೋತ ಕಡೆ ನೀರು ಕೂರುತ್ತದೆ. ಟ್ಯೂಬಿನ ತುಂಡು ಆ ಸಡಿಲವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ, ಗಾಳಿ ನೂಕಿದಾಗ ಕೊಂಚ ಬಾಗಿಯೂ ಕೊಡುತ್ತದೆ. ಪಂಕ್ಚರ್ ಅಂಗಡಿಯವರು ಇಂಥ ಪಟ್ಟಿಗಳನ್ನು ಕ್ಯಾರಿಯರಿಗೆ ಕಟ್ಟಲೆಂದು ಕತ್ತರಿಸಿಯೇ ಇಟ್ಟಿರುತ್ತಾರೆ.

ಇನ್ನು ಜಗಲಿಯ ವಿಷಯ.

ಗುಡಾರದ ಬಾಗಿಲಿನ ಜಿಪ್ಪು ತೆರೆದರೆ ನೇರ ಹಾಸಿಗೆ. ಇದು ನಮ್ಮವರಿಗೆ ಒಗ್ಗುವ ಏರ್ಪಾಡಲ್ಲ. ಚಪ್ಪಲಿ ಬಿಡುವುದು ಎಲ್ಲಿ? ಕಾಲು ತೊಳೆದು ಬಂದವನು ಒರೆಸಿಕೊಳ್ಳುವುದು ಎಲ್ಲಿ? ದಾರಿಯಲ್ಲಿ ಹೋಗುವವರು “ಎಂತ ಮಾಡ್ತಿದ್ದೀರಿ ಇಲ್ಲಿ?” ಎಂದು ಹತ್ತಿರ ಬಂದರೆ ಅವರನ್ನು ಕೂರಿಸುವುದು, ಬೆಲ್ಲ ನೀರು ಕೊಡುವುದು, ಎಲೆಅಡಕೆಯ ತಟ್ಟೆ ಮುಂದಿಡುವುದು ಎಲ್ಲಿ? ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬರುವಾಗ ಒದ್ದೆಯಾಗದೆ ಕೂತು ಅದನ್ನು ನೋಡುವುದು ಎಲ್ಲಿ? ಮಳೆ ನೋಡುವ ಸುಖವಿಲ್ಲದ ಮೇಲೆ ಹೊರಗೆ ಬಂದು ಮಲಗುವ ಸಂಕಟವಾದರೂ ಯಾಕೆ?

ಅದಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಧಾರಾಳವಾಗಿ ಉಂಟು. ಈ ಸೀಮೆಯ ಬದುಕೆಂದರೆ ಅರ್ಧ ಪಾಲು ಏನನ್ನಾದರೂ ಒದ್ದೆಯಾಗದಂತೆ ಕಾಯುವುದೇ. ಚಾಲಿ ಅಡಕೆ ಒಣಗಲು ನಲವತ್ತು ದಿನಕ್ಕೂ ಮೇಲೆ ಬಿಸಿಲು ಬೇಕು. ಅಷ್ಟರಲ್ಲಿ ಅಕಾಲದ ಮಳೆಯೊಂದು ಗುಡುಗಿದರೆ ಊಟದ ಎಲೆ ಬಿಟ್ಟು ಎದ್ದು ಅಂಗಳಕ್ಕೆ ಓಡುತ್ತೇವೆ. ಅಂಗಳದ ಮೇಲೆ ಪಾರದರ್ಶಕ ಹಾಳೆಯ ಸೋಲಾರ್ ಗೂಡು ಕಟ್ಟಿಕೊಂಡವರು ಮಾತ್ರ ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಾರೆ. ರಬ್ಬರ್ ಮರಗಳಿಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಲಂಗ ತೊಡಿಸಿ ಡಾಮರಿನಂಥ ಅಂಟಿನಲ್ಲಿ ಸೊಂಟ ಬಿಗಿಯುತ್ತಾರೆ, ಹಾಲಿನ ಚಿಪ್ಪಿಗೆ ನೀರು ಇಳಿಯಬಾರದೆಂದು. ಘಟ್ಟದ ಮೇಲಿನವರು ಕೊಳೆರೋಗ ತಾಗದಿರಲು ಅಡಕೆಯ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಎಂದರೆ ಗೊನೆಗೊಂದು ಗುಡಾರ. ನಾಟಿಯ ಹೆಂಗಸರು ಬೆನ್ನ ಮೇಲೆ ಗೊರಬು ಹೊತ್ತು ಗದ್ದೆಗಿಳಿಯುತ್ತಿದ್ದರು. ಸೌದೆಗೆ ಮಾಡು, ಬೈಹುಲ್ಲಿಗೆ ಮಾಡು, ಪಂಪಿಗೆ ಮಾಡು. ಎಲ್ಲಕ್ಕೂ ಗುಡಾರ ಹಾಕಿ, ತಾನೊಬ್ಬ ಅದರ ಹೊರಗೆ ನೆನೆಯುತ್ತ ನಿಂತಿರುವವನಿಗೆ ಕೃಷಿಕ ಎನ್ನುತ್ತೇವೆ.

ಹಾಗಾಗಿ ನನ್ನ ಜಗಲಿಗೆ ಹೊಸತಾಗಿ ಏನನ್ನೂ ಕಂಡುಹಿಡಿಯಬೇಕಾಗಲಿಲ್ಲ. ಅಡಕೆ ಅಂಗಳದ ಹಳೆ ಟರ್ಪಾಲಿನಲ್ಲಿ ಗಟ್ಟಿಯಿದ್ದ ಭಾಗ ಕತ್ತರಿಸಿ, ಬಿ.ಸಿ. ರೋಡಿನಲ್ಲಿ ಲಾರಿ ಟರ್ಪಾಲು ಹೊಲಿಯುವವರಲ್ಲಿ ಅಂಚು ಮಡಿಸಿ ಹೊಲಿಸಿದೆ. ಕಣ್ಣು ಕಿತ್ತುಹೋದ ಮೂಲೆಗಳಿಗೆ ಅಡಕೆಯೇ ಮದ್ದು: ಸುಲಿಯದ ಒಣಗೋಟೊಂದನ್ನು ಬಟ್ಟೆಯ ಒಳಗಿನಿಂದ ಒತ್ತಿ ಹಿಡಿದು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ಆನೆ ಎಳೆದರೂ ಬಿಡುವುದಿಲ್ಲ. ಕಲ್ಲು ಇಟ್ಟೂ ಕಟ್ಟಬಹುದು, ಆದರೆ ಕಲ್ಲಿನ ಮೂಲೆ ಟರ್ಪಾಲನ್ನು ಕೊಯ್ಯುತ್ತದೆ. ಅಡಕೆ ಉರುಟು, ನಯ, ಮತ್ತೆ ಬೇಕಾದಾಗ ಬಿಚ್ಚಿ ಚೀಲಕ್ಕೆ ಹಾಕಬಹುದು.

ಟರ್ಪಾಲು ಗುಡಾರದ ನೆತ್ತಿಯನ್ನೂ ಮುಚ್ಚಿ ಮುಂದಕ್ಕೆ ಚಾಚುತ್ತದೆ. ಮುಂದಿನ ಅಂಚು ಕೂತವನ ಹುಬ್ಬಿನ ಮಟ್ಟಕ್ಕೆ ಇಳಿದಿರಬೇಕು. ನಿಂತು ಓಡಾಡಲು ಎತ್ತರ ಬೇಕೆಂದು ಆಸೆಪಟ್ಟರೆ ಎರಚಲು ಒಳಗೆ ಬಂದೇ ಬರುತ್ತದೆ. ಹಳೆಯ ಮನೆಗಳ ಮಾಡು ಹಣೆ ಹೊಡೆಯುವಷ್ಟು ಕೆಳಗಿದ್ದದ್ದು ಕಟ್ಟಿದವರು ಗಿಡ್ಡಗಿದ್ದರೆಂದಲ್ಲ. ಪಡುವಣ ಬದಿಗೆ ಹೆಣೆದ ಮಡಲಿನ ತಟ್ಟಿ. ಈಗೆಲ್ಲ ಮನೆಗಳ ಜಗಲಿಗೆ ಹಸಿರು ಬಲೆ ಇಳಿಬಿಡುತ್ತಾರೆ, ಮಡಚಿಡಲು ಸುಲಭ. ನಾನೂ ಎರಡನ್ನೂ ನೋಡಿದ್ದೇನೆ. ಮಡಲಿನ ಮೇಲೆ ಮಳೆ ಬಿದ್ದರೆ ಕೇಳುವ ಸದ್ದು ಬಲೆಗೆ ಬರುವುದಿಲ್ಲ, ಆದ್ದರಿಂದ ಮಡಲೇ ಸರಿ. ಸುತ್ತ ಅಂಗೈ ಅಗಲದ ಕಣಿ ತೋಡಿದರೆ ನೀರು ತನ್ನ ಪಾಡಿಗೆ ತೋಟದ ಕಡೆ ಹೋಗುತ್ತದೆ. ಇದು ಸ್ವಂತ ಜಾಗದಲ್ಲಿ ಮಾತ್ರ ಮಾಡುವ ಕೆಲಸ. ಪರರ ನೆಲ, ಕಾಡಿನ ನೆಲ ಅಗೆಯಬಾರದು. ಕೂರಲು ಅಡಕೆ ಮರದ ಸೀಳುಗಳ ಒಂದು ಮೋಟು ಬೆಂಚು, ಕಾಲೊರೆಸಲು ಗೋಣಿ, ತಟ್ಟೆಲೋಟಕ್ಕೆ ಹಾಳೆಯ ಒಂದು ಗೂಡು. ದೀಪಕ್ಕೆ ನೀರು ತುಂಬಿದ ಐದು ಲೀಟರಿನ ಕ್ಯಾನು: ಹಣೆಗೆ ಕಟ್ಟುವ ಟಾರ್ಚನ್ನು ಅದಕ್ಕೆ ಒಳಮುಖವಾಗಿ ಸುತ್ತಿದರೆ ಬೆಳಕು ಕಣ್ಣಿಗೆ ಚುಚ್ಚದೆ ಹರಡುತ್ತದೆ. ಅದೇ ನೀರು ಬೆಳಗಿನ ಕಾಫಿಗೂ ಆಯಿತು.

ಒಂದು ಸಣ್ಣ ಸಂಗತಿ ಹೇಳದಿದ್ದರೆ ಇಷ್ಟೂ ವ್ಯರ್ಥ. ಮಳೆನೀರು ಹಗ್ಗ ಹಿಡಿದು ನಡೆಯುತ್ತದೆ. ಮರದ ಕಾಂಡದಿಂದ ಇಳಿದು, ಹಗ್ಗದ ಗುಂಟ ಬಂದು, ನಿಮ್ಮ ತಲೆಯ ನೇರಕ್ಕೇ ತೊಟ್ಟಿಕ್ಕುತ್ತದೆ. ಹಗ್ಗ ಮಾಡಿನೊಳಗೆ ಬರುವುದಕ್ಕೆ ಒಂದು ಮೊಳ ಮುಂಚೆ ಹಳೆ ಪಂಚೆಯ ಚಿಂದಿಯೊಂದನ್ನು ಕಟ್ಟಿ ನೇತುಬಿಟ್ಟರೆ ನೀರು ಅಲ್ಲೇ ಇಳಿದುಹೋಗುತ್ತದೆ. ಇಡೀ ಗುಡಾರದಲ್ಲಿ ಬೆಲೆಯಿಲ್ಲದ ವಸ್ತು ಇದೊಂದೇ, ಇದನ್ನು ಬಿಟ್ಟರೆ ನಿದ್ದೆ ಇಲ್ಲ.

“ಟೆಂಟಿನ ಮೇಲೆ ಟರ್ಪಾಲು ಹಾಕುದಾದ್ರೆ ಟೆಂಟ್ ಯಾಕೆ?” ಎಂದು ಭಾವ ಕೇಳಿದರು. ಮೂಡುಬಿದಿರೆಯವರು ಕೇಳಬಾರದ ಪ್ರಶ್ನೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ಅವರ ಮನೆಯಿಂದ ನಡೆದುಹೋಗುವಷ್ಟೇ ದೂರ. ಕೆಳಗೆ ಕಲ್ಲು, ಮೇಲೆ ಮರ, ಮಾಡಿನ ಮೇಲೆ ಮಾಡು, ಒಂದಕ್ಕೊಂದು ಅಂಚು ಚಾಚಿ ಇಳಿಜಾರಾಗಿ ನಿಂತಿವೆ. ಚಪ್ಪಟೆ ಮಾಳಿಗೆ ಹಾಕಿ ಮೇಲೆ ಗೋಪುರ ಕಟ್ಟಲು ಗೊತ್ತಿಲ್ಲದವರೇನೂ ಅಲ್ಲ ಅದನ್ನು ಕಟ್ಟಿದವರು. ಈ ಮಳೆಗೆ ಒಂದು ಮಾಡು ಸಾಲದು ಎಂದು ಕಲ್ಲುಕುಟಿಗರಿಗೂ ಗೊತ್ತಿತ್ತು.

ಎರಡು ಪದರದಿಂದ ಇನ್ನೊಂದು ಲಾಭವೂ ಉಂಟು. ಬೆಳಗಿನ ಜಾವ ಗುಡಾರದ ಒಳಮೈ ಒದ್ದೆಯಾಗಿದ್ದರೆ ಎಲ್ಲರೂ ಸೋರಿತು ಎನ್ನುತ್ತಾರೆ. ಬಹುಪಾಲು ಅದು ಸೋರಿದ್ದಲ್ಲ, ನಾವೇ ಉಸಿರಾಡಿದ್ದು. ಒಬ್ಬ ಮನುಷ್ಯ ರಾತ್ರಿಯಲ್ಲಿ ಉಸಿರು ಬೆವರಿನಲ್ಲಿ ಬಿಡುವ ನೀರು ಒಂದು ಲೋಟಕ್ಕೆ ಕಡಿಮೆಯಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ, ಇದನ್ನೂ ಸೇರಿಸಿಕೊಳ್ಳಲು ಅದರಲ್ಲಿ ಜಾಗವಿಲ್ಲ. ತಂಪಾದ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಗಾಳಿ ಆಡಿದರೆ ಮಾತ್ರ ಪರಿಹಾರ. ಮೇ ತಿಂಗಳಲ್ಲಿ ಪೇಟೆಯ ಅಂಗಡಿ ಮುಂಗಟ್ಟಿನಲ್ಲಿ ಕೂರುವ ಕೊಡೆ ರಿಪೇರಿಯವರಿಂದ ಮುರಿದ ಕೊಡೆಯ ಕಡ್ಡಿಗಳನ್ನು ತಂದು ಗಾಳಿಕಿಂಡಿಗಳ ರೆಪ್ಪೆ ಎತ್ತಿ ನಿಲ್ಲಿಸಿದ್ದೇನೆ. ಅವರು ಜೊತೆಗೆ ಕಪ್ಪು ಕೊಡೆಬಟ್ಟೆಯ ತುಂಡೊಂದನ್ನೂ ಕೊಟ್ಟರು. ಕೆಂಡ ಹಾರಿ ತೂತಾದ ಜಾಗದಲ್ಲಿ ಈಗ ಅದೇ ತೇಪೆ. ಕಿತ್ತಳೆ ಬಣ್ಣದ ಗುಡಾರಕ್ಕೆ ಕಪ್ಪು ತೇಪೆ ಎದ್ದು ಕಾಣುತ್ತದೆ. ಕಾಣಲಿ.

ಇಂಬಳ, ಇರುವೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ನೆನೆಸಿದರೇ ಕಾಲು ತುರಿಸುತ್ತದೆ. ಇರುವೆ ಬರುವುದು ಹಗ್ಗದ ಮೇಲೆ: ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಸುತ್ತು ಪ್ರತಿ ಹಗ್ಗಕ್ಕೂ ಬೇಕು. ಚಗಳಿಯ ಗೂಡಿರುವ ಮರಕ್ಕೆ ಹಗ್ಗ ಕಟ್ಟಿದವನಿಗೆ ಯಾವ ಸೀಮೆಎಣ್ಣೆಯೂ ಸಹಾಯಕ್ಕೆ ಬರುವುದಿಲ್ಲ. ಇಂಬಳಕ್ಕೆ ಹೊಗೆಸೊಪ್ಪು. ಬಂಟ್ವಾಳದ ಸುತ್ತ ಬೀಡಿ ಕಟ್ಟುವ ಮನೆಗಳು ಈಗಲೂ ಇವೆ. ಅಂಥ ಮನೆಯ ಅಕ್ಕ ಒಬ್ಬರು ತಡ್ಪೆಯ ತಳದಲ್ಲಿ ಉಳಿದ ಹುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟರು. “ಬಾಗಿಲಿಗೆ ಹಾಕಿ, ಕೈಯನ್ನು ಕಣ್ಣಿಗೆ ಮುಟ್ಟಿಸ್ಬೇಡಿ. ಇಂಬಳಕ್ಕಿಂತ ಮುಂಚೆ ನೀವೇ ಓಡ್ತೀರಿ.” ಆ ಹುಡಿ ತುಂಬಿದ ಉದ್ದದ ಬಟ್ಟೆಚೀಲವೊಂದು ಈಗ ನನ್ನ ಗುಡಾರದ ಹೊಸ್ತಿಲು.

ನಿಜವಾದ ಗುಡಾರ ಕಟ್ಟುವವರನ್ನು ನಾನು ನೋಡಿದ್ದು ಸಣ್ಣವನಿದ್ದಾಗ, ಯಕ್ಷಗಾನದ ಡೇರೆ ಮೇಳಗಳಲ್ಲಿ. ತೆಂಕಿನ ಕರ್ನಾಟಕ ಮೇಳ, ಸುರತ್ಕಲ್ ಮೇಳಗಳು ಟಿಕೇಟಿನ ಆಟ ಆಡುತ್ತ ಊರೂರು ತಿರುಗುತ್ತಿದ್ದ ಕಾಲ. ಬೆಳಿಗ್ಗೆ ಕೊಯ್ದ ಗದ್ದೆಯಾಗಿದ್ದದ್ದು ಸಂಜೆಗೆ ಊರಿನ ದೊಡ್ಡ ಕಟ್ಟಡವಾಗಿರುತ್ತಿತ್ತು, ಮರುದಿನ ಮತ್ತೆ ಗದ್ದೆ. ಉಳಿದ ಮಕ್ಕಳು ವೇಷ ನೋಡಲು ಚೌಕಿಯ ಸುತ್ತ ಸುಳಿದರೆ ನನ್ನ ಕಣ್ಣು ಹಗ್ಗ ಎಳೆಯುವವರ ಮೇಲೆ. ಇಬ್ಬನಿ ಬೀಳುವ ಮೊದಲು ಒಬ್ಬಾತ ಸುತ್ತು ಬಂದು ಹಗ್ಗಗಳನ್ನೆಲ್ಲ ಒಂದಿಷ್ಟು ಸಡಿಲಿಸುತ್ತಿದ್ದ. ಎಳೆದು ಕಟ್ಟಿದ್ದನ್ನು ಯಾಕೆ ಬಿಚ್ಚುತ್ತಾನೆಂದು ಆಗ ತಿಳಿಯಲಿಲ್ಲ. ನಾರಿನ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ನೈಲಾನಿಗೆ ತದ್ವಿರುದ್ಧ. ಸಡಿಲಿಸದಿದ್ದರೆ ನಡುರಾತ್ರಿ, ಅಭಿಮನ್ಯು ಚಕ್ರವ್ಯೂಹ ಹೊಕ್ಕ ಹೊತ್ತಿಗೆ, ಗೂಟವೇ ಎದ್ದು ಬಂದೀತು. ಹತ್ತಿಯ ಕ್ಯಾನ್‌ವಾಸಿನ ಗುಣವೂ ಹೀಗೇ. ನೆನೆದಾಗ ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ಬೆರಳು ಮುಟ್ಟಿಸಿದರೆ ಮಾತ್ರ ಆ ಜಾಗದಲ್ಲಿ ತೊಟ್ಟಿಕ್ಕಲು ಶುರು. ಆ ಜನರ ಬುದ್ಧಿ ಇನ್ನೊಂದು: ಅವರು ಮಳೆಯ ಜೊತೆ ಜಗಳಕ್ಕೇ ಹೋಗುತ್ತಿರಲಿಲ್ಲ. ದೀಪಾವಳಿಯ ಆಚೆಗೆ ಹೊರಟ ತಿರುಗಾಟ ಪತ್ತನಾಜೆಗೆ, ಬೇಶ ತಿಂಗಳ ಹತ್ತಕ್ಕೆ, ಎಂದರೆ ಮೇ 24ರ ಆಸುಪಾಸಿಗೆ ಮುಗಿಯುತ್ತದೆ. ಗೆಜ್ಜೆ ಬಿಚ್ಚಬೇಕು, ಡೇರೆ ಮಡಚಬೇಕು. ಗುಡಾರದ ಋತು ಯಾವುದೆಂದು ಕೇಳುವವರಿಗೆ ನಾನು ಇದಕ್ಕಿಂತ ಒಳ್ಳೆಯ ಪಂಚಾಂಗ ತೋರಿಸಲಾರೆ, ನಾನೇ ಅದನ್ನು ಮೀರುತ್ತಿದ್ದರೂ.

2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಸ್ಕೌಟ್ಸ್ ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಊರಿಡೀ ಕುತ್ತಿಗೆಗೆ ಸ್ಕಾರ್ಫ್ ಸುತ್ತಿದ ಮಕ್ಕಳು. ಸ್ಕೌಟುಗಳಿಗೆ ಒಂದು ಒಳ್ಳೆಯ ನಿಯಮವಿದೆ: ಬಿಡಾರದ ಸಾಮಾನುಗಳನ್ನು ಮೊಳೆಯಿಲ್ಲದೆ, ಕೋಲು ಹಗ್ಗಗಳಲ್ಲೇ ಮಾಡಿಕೊಳ್ಳಬೇಕು. ಚಪ್ಪಲಿ ಗೂಡು, ತಟ್ಟೆಯ ಸ್ಟ್ಯಾಂಡು, ಮೂರು ಕೋಲಿನ ಕೈತೊಳೆಯುವ ಮಣೆ. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್ಸೀ ದ್ವೀಪದಲ್ಲಿ ಮೊದಲ ಬಿಡಾರ ಹೂಡಿದ ಮೇಲೆ ಬೆಳೆದುಬಂದ ಪದ್ಧತಿ. ಹೋಟೆಲೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ ನನ್ನ ಕೊಡೆ ಮತ್ತು ಅವನ ಕೋಲನ್ನು ಅಡ್ಡಡ್ಡ ಹಿಡಿದು ಚೌಕ ಕಟ್ಟು ಹಾಕುವುದನ್ನು ತೋರಿಸಿದ. ಎರಡೂ ಕೋಲನ್ನು ಬಳಸಿ ಮೂರು ಸುತ್ತು, ಆಮೇಲೆ ಕೋಲುಗಳ ನಡುವೆ, ಆ ಸುತ್ತುಗಳನ್ನೇ ಹಿಂಡುವಂತೆ, ಎರಡು ಸುತ್ತು. ಬಿಗಿ ಬರುವುದು ಕೊನೆಯ ಆ ಎರಡರಿಂದ. ಮದುವೆಯ ಚಪ್ಪರ ಹಾಕುವವರು ತೆಂಗಿನ ಹುರಿಯಲ್ಲಿ ಇದನ್ನೇ ಮಾಡುವುದನ್ನು ನೋಡಿದ್ದೆ. ಆದರೆ ಅವರ ಕೈ ಕಣ್ಣಿಗೆ ಸಿಗದಷ್ಟು ಬೇಗ ಓಡುತ್ತದೆ, ಹುಡುಗ ನಿಧಾನವಾಗಿ ಕಲಿಸಿದ. ಜಗಲಿಯ ಕಂಬಗಳಿಗೆ ಈಗ ಅದೇ ಕಟ್ಟು.

ಇಷ್ಟೆಲ್ಲ ಸಿಂಗಾರವಾದ ಗುಡಾರವನ್ನು ಹಾಕುವುದೆಲ್ಲಿ ಎಂದರೆ, ಆಯ್ಕೆ ಕಡಿಮೆ. ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲು ಮನೆಯ ಅಂಗಳದಿಂದಲೇ ಕಾಣುತ್ತದೆ, ಆದರೆ ಅದು ವನ್ಯಜೀವಿ ಇಲಾಖೆಯ ಕೈಯಲ್ಲಿದೆ. ಹಗಲು ಹತ್ತಿ ಹಗಲೇ ಇಳಿಯಬೇಕು. ಕುದುರೆಮುಖದ ಕಾಡಿನಲ್ಲಿ ರಾತ್ರಿ ಬಿಡಾರಕ್ಕೆ ಅವಕಾಶವಿಲ್ಲ. ಸರಿಯಾದ ನಿಯಮವೇ. ಉಳಿದದ್ದು ನೆಂಟರ ಗುಡ್ಡೆ, ಸ್ನೇಹಿತರ ತೋಟ, ಹೊಳೆಬದಿ. ಹೋಂಸ್ಟೇಗಳಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ, ಬಣ್ಣದ ಮಿಣುಕು ದೀಪ ಸುತ್ತಿ, ಮಂಚ ಹಾಕಿಟ್ಟ ಗುಡಾರಗಳು ಸಿಗುತ್ತವೆ. ಒಳಗೆ ಹೋಗಿ ನೋಡಿದ್ದೇನೆ. ಕಟ್ಟಲು, ಬಿಚ್ಚಲು, ತಿದ್ದಲು ಏನೂ ಉಳಿಸಿಲ್ಲ. ಅಲ್ಲಿ ರಾತ್ರಿ ಕಳೆಯುವವರು ಏನು ಮಾಡುತ್ತಾರೋ.

ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರ ಬಿಡಾರಗಳನ್ನು ನೋಡಿದರೆ ನನ್ನ ಬಿಲ್ಲೆ, ಬೆಂಚುಗಳೆಲ್ಲ ಸ್ವಲ್ಪ ಅತಿಯಾಯಿತು ಎನ್ನಿಸುವುದುಂಟು. ಸಾಮಾನಿನ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸುತ್ತಾರೆ, ಅದರ ಮೈಯಿಂದ ಹತ್ತಿರದ ಮರಕ್ಕೆ ಒಂದು ಟರ್ಪಾಲು ಎಳೆಯುತ್ತಾರೆ, ಅಡಿಯಲ್ಲಿ ಇನ್ನೊಂದು ಹಾಸುತ್ತಾರೆ. ಒಂದು ಕಡೆ ಅನ್ನ ಬೇಯುತ್ತಿರುತ್ತದೆ, ಇನ್ನೊಂದು ಕಡೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನೂರಾರು ಕಿಲೋಮೀಟರ್ ನಡೆದವರಿಗೆ ನಿದ್ದೆಗಾಗಿ ಗೆರಟೆ ತಿಕ್ಕಬೇಕಾದ ಅಗತ್ಯವೇನು? ಹಾಗೆಂದು ತಿಕ್ಕುವುದನ್ನು ಬಿಟ್ಟಿಲ್ಲ.

ಮಳೆಗಾಲದಲ್ಲಿ ಗುಡಾರಕ್ಕೇ ಗುಡಾರ ಬೇಕು. ಬಟ್ಟೆಯ ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಲೇಪ ತೇವದಲ್ಲಿ ಮಡಚಿಟ್ಟರೆ ಅಂಟಂಟಾಗಿ, ಕಮಟು ವಾಸನೆ ಹತ್ತಿ, ಕೊನೆಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಜೊತೆಗೆ ಬಂದ ಬಿಗಿ ಚೀಲದಲ್ಲಿ ತುರುಕಲೇಬಾರದು. ನಮ್ಮಲ್ಲಿ ಅದು ಅಮ್ಮನ ಹಳೆ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿಕೊಂಡು ಅಟ್ಟದಲ್ಲಿ, ಒಲೆಯ ಬಿಸಿ ತಾಗುವ, ಹೊಗೆ ತಾಗದ ಮೂಲೆಯಲ್ಲಿ ಮಲಗುತ್ತದೆ. ಪಕ್ಕದಲ್ಲಿ ಹಪ್ಪಳದ ಡಬ್ಬಿ. ಬಿಸಿಲು ಇಣುಕಿದ ದಿನ ಎರಡೂ ಒಟ್ಟಿಗೆ ಅಂಗಳಕ್ಕೆ ಬರುತ್ತವೆ.

ಈಗ ನನ್ನ ಕಣ್ಣಿರುವುದು ಮಾವನ ದೋಟಿಯ ಮೇಲೆ. ಅಡಕೆ ಕೊಯ್ಯಲು, ಮದ್ದು ಬಿಡಲು ತಂದ ಕಾರ್ಬನ್ ಫೈಬರಿನದು. ಒಂದರೊಳಗೊಂದು ಸೇರಿಕೊಳ್ಳುತ್ತದೆ, ಬಿದಿರಿನ ಹಾಗೆ ಬಾಗುವುದಿಲ್ಲ, ಎತ್ತಿದರೆ ಭಾರವೇ ಇಲ್ಲ. ಪದವಿನ ಮೇಲೆ ಮರವಿಲ್ಲದ ಕಡೆ ಅದರ ಬುಡದ ಎರಡು ಕೊಳವೆ ನಿಲ್ಲಿಸಿದರೆ ಟರ್ಪಾಲಿಗೆ ನಡುಗಂಬವಾದೀತು. ಮೆಲ್ಲಗೆ ಪ್ರಸ್ತಾಪಿಸಿದೆ. ಮಾವ ಡೈರಿಯಿಂದ ತಲೆ ಎತ್ತಲಿಲ್ಲ.

“ಕೊಯ್ಲು ಮುಗಿಯುವ ತನಕ ಮುಟ್ಲಿಕ್ಕಿಲ್ಲ.”

“ಆಮೇಲೆ?”

“ಆಮೇಲೆ ನಾನೂ ಬರ್ತೇನೆ, ದೋಟಿ ನೋಡಿಕೊಳ್ಳಿಕ್ಕೆ ಜನ ಬೇಕಲ್ಲ. ಆದ್ರೆ ನಿನ್ನ ಆ ಮೋಟು ಬೆಂಚಿನಲ್ಲಿ ನಾನು ಕೂರುದಿಲ್ಲ. ಒರಗ್ಲಿಕ್ಕೆ ಸರಿಯಾದ ಕುರ್ಚಿ ಬೇಕು. ಮಳೆಮಾಪಕ ಇಡ್ಲಿಕ್ಕೆ ಒಂದು ಸ್ಟ್ಯಾಂಡೂ ಮಾಡು.”

ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರ ಮನೆಯ ಅಟ್ಟದಲ್ಲಿ ಕ್ಯಾನ್‌ವಾಸ್ ಹರಿದ ಆರಾಮಕುರ್ಚಿಯೊಂದು ಉಂಟಂತೆ. ಕೈಗಳನ್ನು ಒಳಕ್ಕೆ ಮಡಚುವ ಹಾಗೆ ಮಾಡಿದರೆ ಸ್ಕೂಟರಿನಲ್ಲೇ ತರಬಹುದು ಎಂದರು. ಬಡಗಿಗೆ ಹೇಳುವುದು ಬೇಡ, ಭಾನುವಾರ ನಾವೇ ಬಿಚ್ಚಿ ನೋಡುವ ಎಂದು ತೀರ್ಮಾನವಾಗಿದೆ.